ಎಷ್ಟು ಇಂಚಿನ ಟಿ.ವಿ. ಬೇಕು? – ಸ್ಫುಟ ಚಿತ್ರದ ಚರಿತ್ರೆ

ಹರಿಹರದಲ್ಲಿ ಪ್ರೌಢಶಾಲಾ ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೀಪಾವಳಿಗೆಂದು ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಯೊಂದರಿಂದ 55 ಇಂಚಿನ ಟಿ.ವಿ. ತಂದರು. ತುಟ್ಟಿಭತ್ಯೆಯ ಬಾಕಿ ಹಣವೆಲ್ಲ ಅದಕ್ಕೇ ಹೋಯಿತು. ಆದರೆ ಅಂಗಡಿಯಲ್ಲಿ ಕಂಡ ಚಿತ್ರ ಮನೆಯಲ್ಲಿ ಕಾಣಲಿಲ್ಲ. ಮುಖಗಳ ಅಂಚು ಕಲಸಿದಂತೆ, ಕ್ರಿಕೆಟ್ ಮೈದಾನದ ಹುಲ್ಲು ಹಸಿರು ಬಳಿದ ಗೋಡೆಯಂತೆ ಕಾಣುತ್ತಿತ್ತು. ಅಂಗಡಿಯವರು ಕೇಬಲ್‌ನವರತ್ತ, ಕೇಬಲ್‌ನವರು ಅಂಗಡಿಯವರತ್ತ ಬೆರಳು ತೋರಿಸಿದರು. ಅವರ ತಂದೆ ಲೇತ್ ಯಂತ್ರದ ಮುಂದೆ ದುಡಿದು ನಿವೃತ್ತರಾದವರು. “ಹಳೇದೇ ಚೆನ್ನಾಗಿತ್ತು ಬಿಡಪ್ಪಾ” ಎಂದುಬಿಟ್ಟರು. “ಸರ್, ಹಣ ನೀರಿಗೆ ಹಾಕಿದೆನೇನೋ ಅನ್ನಿಸ್ತಿದೆ, ಒಮ್ಮೆ ಬಂದು ನೋಡ್ತೀರಾ?” ಎಂದು ಶಿಕ್ಷಕರು ಫೋನ್ ಮಾಡಿದಾಗ ನಾನು ಅಳತೆ ಪಟ್ಟಿಯೊಂದನ್ನು ಜೇಬಿಗಿಟ್ಟುಕೊಂಡು ಹೊರಟೆ.

ಅಳತೆ ಪಟ್ಟಿ ಏಕೆ? ಹೈ ಡೆಫಿನಿಷನ್ ಟಿ.ವಿ.ಯ, ಅಂದರೆ ಎಚ್.ಡಿ. ಟಿ.ವಿ.ಯ ಚರಿತ್ರೆ ಆರಂಭವಾದದ್ದೇ “ನೋಡುವವನು ಎಷ್ಟು ದೂರದಲ್ಲಿ ಕುಳಿತಿದ್ದಾನೆ?” ಎಂಬ ಪ್ರಶ್ನೆಯಿಂದ.

625 ಗೆರೆಗಳ ಕಾಲ

ಕರ್ನಾಟಕದ ಹಳ್ಳಿಗಳು ಟಿ.ವಿ. ಕಂಡದ್ದು 1975–76ರಲ್ಲಿ. ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿದ್ದವು. ನಮ್ಮ ರಾಜ್ಯದ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಮರುವರ್ಷ ಬಣ್ಣ ಬಂತು. 1984ರ ಸುಮಾರಿಗೆ ಕಡಿಮೆ ಶಕ್ತಿಯ ಪ್ರೇಷಕಗಳು ದೇಶದಾದ್ಯಂತ ತಲೆ ಎತ್ತಿದವು.

1987ರ ಭಾನುವಾರಗಳಂದು ‘ರಾಮಾಯಣ’ ನೋಡಲು ಹರಿಹರದಲ್ಲಿ ನಾವು ಹುಡುಗರು ನೆರೆಮನೆಗೆ ನುಗ್ಗುತ್ತಿದ್ದೆವು. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನವರು “ಬಂತು, ಬಂತು... ಹೋಯ್ತು!” ಎಂದು ಕೂಗುವುದು ವಾರವಾರದ ಕಥೆ. ಎಷ್ಟು ತಿರುಗಿಸಿದರೂ ರಾಮನ ಪಕ್ಕದಲ್ಲಿ ಮಸುಕಾದ ಇನ್ನೊಬ್ಬ ರಾಮ ನಿಂತಿರುತ್ತಿದ್ದ. ಅದು ಯಾವುದೋ ಎತ್ತರದ ಕಟ್ಟಡಕ್ಕೆ ತಾಗಿ ಪ್ರತಿಫಲಿಸಿ ತಡವಾಗಿ ಬಂದ ಅಲೆಯ ಬಿಂಬ. ಅದರ ಲೆಕ್ಕ ಸರಳ. ಪಥದ ವ್ಯತ್ಯಾಸ 300 ಮೀಟರ್ ಇದ್ದರೆ ವಿಳಂಬ ಒಂದು ಮೈಕ್ರೊಸೆಕೆಂಡು. ಒಂದು ಗೆರೆಯ ಚಿತ್ರಭಾಗವನ್ನು ಬರೆಯಲು ಟಿ.ವಿ.ಗೆ ಬೇಕಾದದ್ದು 52 ಮೈಕ್ರೊಸೆಕೆಂಡು. ಪರದೆಯ ಅಗಲ 40 ಸೆಂ.ಮೀ. ಆಗಿದ್ದರೆ ಎರಡನೆಯ ರಾಮ ಸುಮಾರು 8 ಮಿ.ಮೀ. ಪಕ್ಕಕ್ಕೆ ಸರಿದಿರುತ್ತಾನೆ!

ಆ ಚಿತ್ರದಲ್ಲಿ 625 ಗೆರೆಗಳು. ಅವುಗಳಲ್ಲಿ ಕಣ್ಣಿಗೆ ಕಾಣುವವು 576. ಅಷ್ಟೇ ಗೆರೆಗಳಿದ್ದರೂ ನಮಗೆ ಅವು ಕಾಣುತ್ತಿರಲಿಲ್ಲ, ಏಕೆಂದರೆ ಕಣ್ಣಿಗೂ ಒಂದು ಮಿತಿಯಿದೆ. ಆರೋಗ್ಯವಂತ ಕಣ್ಣಿನ ಪೃಥಕ್ಕರಣ ಸಾಮರ್ಥ್ಯ ಸುಮಾರು ಒಂದು ಕೋನೀಯ ನಿಮಿಷ, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಮೂರು ಮೀಟರ್ ದೂರದಲ್ಲಿ ಇದು 0.87 ಮಿ.ಮೀ.ಗೆ ಸಮ. ಅದಕ್ಕಿಂತ ಹತ್ತಿರವಿರುವ ಎರಡು ಗೆರೆಗಳು ಅಲ್ಲಿಂದ ಒಂದೇ ಆಗಿ ತೋರುತ್ತವೆ. ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಹತ್ತಿರ ನಿಂತು ಓದಿದವರು ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋದರೆ ಅಕ್ಷರಗಳು ಕಲ್ಲಿನಲ್ಲೇ ಕರಗಿಹೋಗುವುದೂ ಇದೇ ಕಾರಣಕ್ಕೆ.

ಜಪಾನಿನ ಪ್ರಶ್ನೆ

1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ ಜಪಾನಿನ ಪ್ರಸಾರ ಸಂಸ್ಥೆ ಎನ್.ಎಚ್.ಕೆ.ಯ ವಿಜ್ಞಾನಿಗಳು ಮುಂದಿನ ಟಿ.ವಿ. ಹೇಗಿರಬೇಕೆಂದು ಸಂಶೋಧನೆಗೆ ತೊಡಗಿದರು. ಅವರು ಮೊದಲು ಅಭ್ಯಸಿಸಿದ್ದು ಮನುಷ್ಯನ ದೃಷ್ಟಿಯನ್ನು. ಹಳೆಯ ಟಿ.ವಿ.ಯನ್ನು ಪರದೆಯ ಎತ್ತರದ ಆರು ಪಟ್ಟು ದೂರದಿಂದ ನೋಡಿದರೆ ಚಿತ್ರ ಕಣ್ಣಿನಲ್ಲಿ ಸುಮಾರು 13 ಡಿಗ್ರಿ ಕೋನವನ್ನಷ್ಟೇ ತುಂಬುತ್ತದೆ, ಕಿಟಕಿಯಲ್ಲಿ ಇಣುಕಿದಂತೆ. ಎತ್ತರದ ಮೂರು ಪಟ್ಟು ದೂರಕ್ಕೆ ಬಂದು, ಅಗಲವಾದ ಪರದೆಯನ್ನು ನೋಡಿದರೆ ಕೋನ 30 ಡಿಗ್ರಿ ದಾಟುತ್ತದೆ. ಆಗ ನೋಡುವವನಿಗೆ ತಾನೇ ಅಲ್ಲಿದ್ದೇನೆ ಎನಿಸುತ್ತದೆ. ಆದರೆ ಅಷ್ಟು ಹತ್ತಿರದಿಂದ ಗೆರೆಗಳು ಕಾಣಬಾರದಾದರೆ ಅವುಗಳ ಸಂಖ್ಯೆ ಸುಮಾರು ಇಮ್ಮಡಿಯಾಗಬೇಕು. ಹೀಗೆ 1125 ಗೆರೆಗಳ ವ್ಯವಸ್ಥೆ ಹುಟ್ಟಿತು. ಇಂದಿನ ಎಚ್.ಡಿ. ಚಿತ್ರದಲ್ಲಿ ಕಾಣುವ 1080 ಗೆರೆಗಳು ಅದರ ವಂಶದವೇ.

ತೊಂದರೆ ಎದುರಾದದ್ದು ಪ್ರಸಾರದಲ್ಲಿ. ಇಷ್ಟೊಂದು ವಿವರ ಹಳೆಯ ಚಾನೆಲ್‌ನ ಅಗಲದಲ್ಲಿ ಹಿಡಿಸುವುದಿಲ್ಲ. ಜಪಾನ್ ಅನಲಾಗ್ ವಿಧಾನದಲ್ಲೇ ಸಂಕೇತವನ್ನು ಕುಗ್ಗಿಸಿ 1989ರಲ್ಲಿ ಉಪಗ್ರಹದ ಮೂಲಕ ಪ್ರಸಾರ ಆರಂಭಿಸಿತು. 1990ರಲ್ಲಿ ಅಮೆರಿಕದ ಜನರಲ್ ಇನ್‌ಸ್ಟ್ರುಮೆಂಟ್ ಸಂಸ್ಥೆ ಪೂರ್ಣ ಡಿಜಿಟಲ್ ಪ್ರಸಾರ ಸಾಧ್ಯವೆಂದಾಗ ಲೆಕ್ಕಾಚಾರವೇ ಬದಲಾಯಿತು. 1996ರ ಡಿಸೆಂಬರಿನಲ್ಲಿ ಅಮೆರಿಕ ಡಿಜಿಟಲ್ ಮಾನಕವನ್ನು ಒಪ್ಪಿಕೊಂಡಿತು. ಜಪಾನಿನ ಅನಲಾಗ್ ಎಚ್.ಡಿ. ಪ್ರಸಾರ 2007ರಲ್ಲಿ ನಿಂತಿತು.

ಬೆಂಗಳೂರಿನ ಹುಡುಗನ ಕೊಸೈನ್

ಡಿಜಿಟಲ್ ಹೇಗೆ ಗೆದ್ದಿತು? 1920 × 1080 ಬಿಂದುಗಳು, ಬಿಂದುವಿಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ – ಗುಣಿಸಿದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್. ಅಮೆರಿಕದ ಒಂದು ಚಾನೆಲ್ ಸಾಗಿಸಬಲ್ಲದ್ದು ಎರಡು ಕೋಟಿಗೂ ಸ್ವಲ್ಪ ಕಡಿಮೆ. ಅಂದರೆ ಎಪ್ಪತ್ತು ಪಟ್ಟಿಗೂ ಹೆಚ್ಚು ಕುಗ್ಗಿಸಬೇಕು.

ಈ ಬೀಗಕ್ಕೆ ಕೀಲಿಕೈ ಕೊಟ್ಟವರಲ್ಲಿ ಮುಖ್ಯರಾದವರು ನಮ್ಮವರೇ ಎಂಬುದು ಹಲವರಿಗೆ ತಿಳಿಯದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹ್ಮದ್ ಅಮೆರಿಕದಲ್ಲಿ ಪ್ರಾಧ್ಯಾಪಕರಾದರು. 1972ರಲ್ಲಿ ಅವರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಕುರಿತು ಸಂಶೋಧನೆ ನಡೆಸಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೇಳಿದರು. ವಿಚಾರ ತೀರ ಸರಳವಾಯಿತೆಂಬ ಆಕ್ಷೇಪ ಬಂದು ನೆರವು ಸಿಗಲಿಲ್ಲ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು.

ವಿಧಾನದ ತಿರುಳು ಹೀಗಿದೆ. ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯಬಹುದು. ತುಂಗಭದ್ರೆಯ ಮೇಲಿನ ತಿಳಿ ಆಕಾಶದ ಚೌಕಕ್ಕೆ ಒಂದೆರಡು ಸಂಖ್ಯೆ ಸಾಕು. ಸೇತುವೆಯ ಅಂಚಿನ ಚೌಕಕ್ಕೆ ಹೆಚ್ಚು ಬೇಕು. ಕಣ್ಣಿಗೆ ಗೊತ್ತಾಗದ ಸಣ್ಣ ಸಂಖ್ಯೆಗಳನ್ನು ಕೈಬಿಡಬಹುದು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳುಹಿಸುವ ಉಪಾಯವೂ ಇದರೊಡನೆ ಸೇರಿದಾಗ ಎಚ್.ಡಿ. ಚಿತ್ರ ಚಾನೆಲ್‌ನೊಳಗೆ ಹಿಡಿಸಿತು. ಆದರೆ ಜಾಗ ಉಳಿಸಲು ಬೇಕಾದ ಸಂಖ್ಯೆಗಳನ್ನೂ ಕೈಬಿಟ್ಟರೆ ಹುಲ್ಲು ಹೋಗಿ ಹಸಿರು ಗೋಡೆ ಉಳಿಯುತ್ತದೆ!

ನಮ್ಮೂರಿಗೆ ಬಂದ ಬಗೆ

ಭಾರತದಲ್ಲಿ ದೂರದರ್ಶನ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಎಚ್.ಡಿ.ಯಲ್ಲಿ ಪ್ರಸಾರ ಮಾಡಿತು. 2011ರ ಕಾಯಿದೆ ತಿದ್ದುಪಡಿಯಂತೆ ಕೇಬಲ್ ಟಿ.ವಿ. ಹಂತಹಂತವಾಗಿ ಡಿಜಿಟಲ್ ಆಯಿತು. ದಾವಣಗೆರೆ, ಹರಿಹರದಂಥ ನಗರಗಳ ಸರದಿ ಬಂದದ್ದು ಮೂರನೆಯ ಹಂತದಲ್ಲಿ. ಕನ್ನಡದ ಮನರಂಜನಾ ಚಾನೆಲ್‌ಗಳ ಎಚ್.ಡಿ. ರೂಪ 2016ರಲ್ಲಿ ಬಂತು. ಆದರೆ ಮನೆಮನೆಗೆ ದೊಡ್ಡ ಪರದೆ ಬಂದಷ್ಟು ಬೇಗ ಎಚ್.ಡಿ. ಸಂಕೇತ ಬರಲಿಲ್ಲ. ಇಂದಿಗೂ ಅನೇಕ ಮನೆಗಳ ಹೊಸ ಟಿ.ವಿ.ಗೆ ಹಳೆಯ 576 ಗೆರೆಗಳ ಚಿತ್ರವೇ ಆಹಾರ.

ಈಗ ಶಿಕ್ಷಕರ ಮನೆಗೆ ಹೋಗೋಣ. ಸೋಫಾದಿಂದ ಗೋಡೆಗೆ ಅಳೆದೆ: ಸರಿಯಾಗಿ ಮೂರು ಮೀಟರ್. ಟಿ.ವಿ.ಯ ಹಿಂದೆ ಇಣುಕಿದೆ: ಹಳದಿ, ಕೆಂಪು, ಬಿಳಿ ತುದಿಗಳ ಹಳೆಯ ತಂತಿ. ಆ ಹಳದಿ ತಂತಿಯಲ್ಲಿ ಎಚ್.ಡಿ. ಚಿತ್ರ ಹರಿಯುವುದೇ ಇಲ್ಲ. ಸೆಟ್‌ಟಾಪ್ ಪೆಟ್ಟಿಗೆಯೂ ಹಳೆಯದೇ, ಚಾನೆಲ್‌ಗಳೂ ಸಾಮಾನ್ಯ ಸ್ಫುಟತೆಯವೇ.

ಲೆಕ್ಕ ಹಾಕಿದೆವು. 55 ಇಂಚಿನ ಪರದೆಯ ಎತ್ತರ 68.5 ಸೆಂ.ಮೀ. ಅದರಲ್ಲಿ 576 ಗೆರೆಗಳನ್ನು ಹರಡಿದರೆ ಒಂದೊಂದೂ 1.19 ಮಿ.ಮೀ. ದಪ್ಪ. ಮೂರು ಮೀಟರಿನಿಂದ ಕಣ್ಣಿನ ಮಿತಿ 0.87 ಮಿ.ಮೀ. ಎಂದೆವಲ್ಲ? ಹಾಗಾಗಿ ಸಂಕೇತದ ಕೊರತೆಯೆಲ್ಲ ಬಯಲು. ಹಳೆಯ 21 ಇಂಚಿನ ಟಿ.ವಿ.ಯಲ್ಲಿ ಅದೇ ಗೆರೆ 0.56 ಮಿ.ಮೀ.; ಕೊರತೆ ಮುಚ್ಚಿಹೋಗಿತ್ತು. ತಂದೆಯವರ ಮಾತು ಹಟವಲ್ಲ, ಸರಿಯಾದ ವೀಕ್ಷಣೆ. ಅದೇ ಪರದೆಗೆ ಎಚ್.ಡಿ. ಸಂಕೇತ ಕೊಟ್ಟರೆ ಗೆರೆ 0.63 ಮಿ.ಮೀ.ಗೆ ಇಳಿಯುತ್ತದೆ. ದೋಷ ಟಿ.ವಿ.ಯದಲ್ಲ, ಅದಕ್ಕೆ ಕೊಟ್ಟ ಸಂಕೇತದ್ದು.

ಇದರಿಂದ ಮನೆಗೊಂದು ಸುಲಭ ಸೂತ್ರ ಸಿಗುತ್ತದೆ. ಪರದೆಯ ಎತ್ತರ ಅದರ ಕರ್ಣದ ಸುಮಾರು ಅರ್ಧ. ಸಾಮಾನ್ಯ ಚಾನೆಲ್‌ಗಳನ್ನೇ ನೋಡುವುದಾದರೆ ಕುಳಿತುಕೊಳ್ಳುವ ದೂರ ಕರ್ಣದ ಮೂರು ಪಟ್ಟು ಇರಲಿ, ಎಚ್.ಡಿ. ಇದ್ದರೆ ಒಂದೂವರೆ ಪಟ್ಟು ಸಾಕು. ಮೂರು ಮೀಟರ್ ಕೋಣೆಯಲ್ಲಿ ಸಾಮಾನ್ಯ ಚಾನೆಲ್‌ಗೆ 40 ಇಂಚೇ ಗರಿಷ್ಠ. ಇನ್ನು 4ಕೆ ಎಂಬ 3840 × 2160 ಬಿಂದುಗಳ ಚಿತ್ರ? 55 ಇಂಚಿನಲ್ಲಿ ಅದರ ಪೂರ್ಣ ವಿವರ ಕಾಣಬೇಕಾದರೆ ಸುಮಾರು 1.1 ಮೀಟರ್ ಹತ್ತಿರ ಕುಳಿತುಕೊಳ್ಳಬೇಕು. ಅಂಗಡಿಯಲ್ಲಿ ನಾವು ನಿಂತು ನೋಡುವುದು ಅಷ್ಟೇ ಹತ್ತಿರದಿಂದ, ಅದೂ 4ಕೆಯಲ್ಲೇ ಮುದ್ರಿಸಿಟ್ಟ ದೃಶ್ಯಗಳನ್ನು!

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಗ್ರಾಫ್ ಹಾಳೆಯ ಮೇಲೆ ಒಂದು ಮಿ.ಮೀ. ದಪ್ಪದ ಕಪ್ಪು ಗೆರೆಗಳನ್ನು ಒಂದು ಮಿ.ಮೀ. ಅಂತರದಲ್ಲಿ ಎಳೆದು ಗೋಡೆಗೆ ಅಂಟಿಸಿ ಹಿಂದಕ್ಕೆ ನಡೆಯಿರಿ. ಸುಮಾರು ಮೂರೂವರೆ ಮೀಟರಿನ ಆಸುಪಾಸಿನಲ್ಲಿ ಗೆರೆಗಳು ಕೂಡಿ ಬೂದು ಬಣ್ಣವಾಗಬೇಕು. ಯಾರ ಕಣ್ಣಿಗೆ ಎಷ್ಟು ದೂರ ಎಂದು ಪಟ್ಟಿ ಮಾಡಿ. ತೀರ ಹತ್ತಿರದಲ್ಲೇ ಗೆರೆಗಳು ಕೂಡಿಹೋಗುವ ಮಗುವಿದ್ದರೆ ಕಣ್ಣಿನ ತಪಾಸಣೆ ಮಾಡಿಸಿ.

ಶಿಕ್ಷಕರು ಎಚ್.ಡಿ. ಪೆಟ್ಟಿಗೆ, ಎಚ್.ಡಿ.ಎಂ.ಐ. ತಂತಿ ಹಾಕಿಸಿದ ಮೇಲೆ ತಂದೆಯವರು ಮೈದಾನದ ಹುಲ್ಲನ್ನು ಬಹಳ ಹೊತ್ತು ನೋಡಿದರು. “ಈಗ ಸರಿ” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಅಳತೆ ನೋಡದೆ ನಾವು ಒಂದು ಬೋಲ್ಟನ್ನೂ ಕೊಯ್ತಿರಲಿಲ್ಲಪ್ಪಾ” ಎಂದರು.