ಯುರೋಪಿನಲ್ಲಿ ವಾಹನಗಳ ಕಡ್ಡಾಯ ಸುರಕ್ಷತಾ ಸಾಧನಗಳು

ಕಡ್ಡಾಯ ಸುರಕ್ಷತಾ ಸಾಧನಗಳು ಎಂದರೆ ವಾಹನವು ರಸ್ತೆಯಲ್ಲಿ ಕೆಟ್ಟು ನಿಂತಾಗ ಅಥವಾ ಅಪಘಾತಕ್ಕೀಡಾದಾಗ ಬಳಸಲೆಂದು ಅದರಲ್ಲಿ ಇರಲೇಬೇಕೆಂದು ಕಾನೂನು ವಿಧಿಸುವ ವಸ್ತುಗಳು. ಎಚ್ಚರಿಕೆ ತ್ರಿಕೋನ, ಬೆಳಕು ಪ್ರತಿಫಲಿಸುವ ಜಾಕೆಟ್, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮತ್ತು ಅಗ್ನಿನಂದಕ ಇವುಗಳಲ್ಲಿ ಮುಖ್ಯವಾದವು. ಯುರೋಪಿನ ಬಹುತೇಕ ದೇಶಗಳಲ್ಲಿ ಇಂತಹ ನಿಯಮಗಳಿದ್ದರೂ ಎಲ್ಲೆಡೆ ಅನ್ವಯಿಸುವ ಒಂದೇ ಪಟ್ಟಿಯಿಲ್ಲ. ಒಂದೇ ಪ್ರವಾಸದಲ್ಲಿ ಹಲವು ಗಡಿಗಳನ್ನು ದಾಟುವ ಚಾಲಕರು ಪ್ರತಿಯೊಂದು ದೇಶದ ನಿಯಮವನ್ನೂ ಪಾಲಿಸಬೇಕಾಗುತ್ತದೆ.

ಹಿನ್ನೆಲೆ

ಕೆಟ್ಟು ನಿಂತ ವಾಹನಕ್ಕೆ ಹಿಂದಿನಿಂದ ಬರುವ ವಾಹನವು ಡಿಕ್ಕಿ ಹೊಡೆಯುವುದು, ಕೆಳಗಿಳಿದವರು ಕತ್ತಲಿನಲ್ಲಿ ಅಥವಾ ಮಂಜಿನಲ್ಲಿ ಕಾಣಿಸದಿರುವುದು ಹೆದ್ದಾರಿಗಳ ದೊಡ್ಡ ಅಪಾಯಗಳು. ನಿಂತ ವಾಹನದ ಇರುವಿಕೆಯನ್ನು ಇತರ ಚಾಲಕರಿಗೆ ಸಾಕಷ್ಟು ದೂರದಿಂದಲೇ ತಿಳಿಸಬೇಕೆಂಬ ತತ್ತ್ವವನ್ನು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವು ಅಂಗೀಕರಿಸಿದೆ. ತ್ರಿಕೋನಗಳ ಗುಣಮಟ್ಟವನ್ನು ವಿಶ್ವಸಂಸ್ಥೆಯ 27ನೆಯ ವಾಹನ ನಿಯಮಾವಳಿ ನಿಗದಿಪಡಿಸುತ್ತದೆ.

ಪ್ರಮುಖ ದೇಶಗಳ ನಿಯಮಗಳು

ಜರ್ಮನಿ: ತ್ರಿಕೋನ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಜೊತೆಗೆ 2014ರ ಜುಲೈ 1ರಿಂದ ಪ್ರತಿ ಕಾರಿನಲ್ಲಿ ಒಂದು ಪ್ರತಿಫಲನ ಜಾಕೆಟ್ ಕಡ್ಡಾಯವಾಗಿದೆ. ವೇಗದ ಸಂಚಾರವಿರುವ ರಸ್ತೆಗಳಲ್ಲಿ ತ್ರಿಕೋನವನ್ನು ಸುಮಾರು 100 ಮೀಟರ್ ಹಿಂದೆ ಇರಿಸಬೇಕು.

ಫ್ರಾನ್ಸ್: 2008ರಿಂದ ಜಾಕೆಟ್ ಮತ್ತು ತ್ರಿಕೋನ ಎರಡೂ ಕಡ್ಡಾಯ. ಚಾಲಕರು ಕೆಳಗಿಳಿಯುವ ಮೊದಲೇ ಜಾಕೆಟ್ ಧರಿಸಬೇಕಾದುದರಿಂದ ಅದು ಡಿಕ್ಕಿಯಲ್ಲಿರದೆ ಆಸನದ ಬಳಿ ಕೈಗೆಟಕುವಂತಿರಬೇಕು. ತ್ರಿಕೋನವನ್ನು ಕನಿಷ್ಠ 30 ಮೀಟರ್ ದೂರದಲ್ಲಿ ಇಡಬೇಕು. ಇಡಲು ಹೋಗುವುದೇ ಪ್ರಾಣಕ್ಕೆ ಅಪಾಯವೆನಿಸಿದಲ್ಲಿ ವಿನಾಯಿತಿಯಿದೆ. 2012ರಲ್ಲಿ ಮದ್ಯಪಾನ ಪರೀಕ್ಷಕವನ್ನೂ ಕಡ್ಡಾಯಗೊಳಿಸಲಾಗಿತ್ತು. ಅದಕ್ಕೆ ದಂಡ ಜಾರಿಯಾಗಲಿಲ್ಲ, 2020ರಲ್ಲಿ ಆ ನಿಯಮವನ್ನೇ ರದ್ದುಪಡಿಸಲಾಯಿತು.

ಸ್ಪೇನ್: 2026ರ ಜನವರಿ 1ರಿಂದ ಇಲ್ಲಿ ನೋಂದಾಯಿತವಾದ ಕಾರುಗಳಲ್ಲಿ ತ್ರಿಕೋನದ ಬದಲು ವಿ-16 ಎಂಬ ಮಿನುಗುದೀಪವಿರಬೇಕು. ಒಳಗಿನಿಂದಲೇ ಕೈಚಾಚಿ ಇದನ್ನು ಚಾವಣಿಯ ಮೇಲೆ ಇಡಬಹುದು. ವಾಹನ ನಿಂತಿರುವ ಸ್ಥಳವನ್ನು ಇದು ಸಂಚಾರ ಇಲಾಖೆಗೆ ರವಾನಿಸುತ್ತದೆ. ತ್ರಿಕೋನವಿಡಲು ರಸ್ತೆಯಲ್ಲಿ ನಡೆದುಹೋಗುವವರ ಸಾವುನೋವನ್ನು ತಪ್ಪಿಸುವುದು ಇದರ ಉದ್ದೇಶ. ವಿದೇಶಿ ನೋಂದಣಿಯ ವಾಹನಗಳು ತ್ರಿಕೋನವನ್ನೇ ಬಳಸಬಹುದು.

ಇತರ ದೇಶಗಳು: ಆಸ್ಟ್ರಿಯಾದಲ್ಲಿ ತ್ರಿಕೋನ, ಜಾಕೆಟ್ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಕಡ್ಡಾಯ. ಬಲ್ಗೇರಿಯಾ ಮತ್ತು ಗ್ರೀಸ್‌ಗಳಲ್ಲಿ ಅಗ್ನಿನಂದಕವೂ ಪಟ್ಟಿಯಲ್ಲಿದೆ. ಬ್ರಿಟನ್ನಿನಲ್ಲಿ ಖಾಸಗಿ ಕಾರುಗಳಿಗೆ ಇವು ಕಡ್ಡಾಯವಲ್ಲ. ಆದ್ದರಿಂದ ಅಲ್ಲಿಂದ ಫ್ರಾನ್ಸಿಗೆ ಕಾರಿನಲ್ಲಿ ಹೋಗುವವರು ಇವನ್ನು ಮೊದಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಚಳಿಗಾಲದ ನಿಯಮಗಳು

ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆಯಿದ್ದರೆ ಚಳಿಗಾಲದ ಟೈರುಗಳು ಬೇಕು. ಫ್ರಾನ್ಸಿನ ಗೊತ್ತುಪಡಿಸಿದ ಪರ್ವತ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರು ಅಥವಾ ಹಿಮ ಸರಪಳಿ ಇರಬೇಕು.

ಬಾಡಿಗೆ ವಾಹನಗಳು ಮತ್ತು ಭಾರತೀಯ ಚಾಲಕರು

ಭಾರತದಲ್ಲಿ ಪ್ರಾದೇಶಿಕ ಸಾರಿಗೆ ಕಚೇರಿಗಳು ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು ಒಂದು ವರ್ಷದ ಅವಧಿಯದು. ಅದು ವಾಹನ ಓಡಿಸುವ ಅರ್ಹತೆಗೆ ಮಾತ್ರ ಸಂಬಂಧಿಸಿದ್ದು, ಸಾಧನಗಳ ನಿಯಮದಿಂದ ವಿನಾಯಿತಿ ನೀಡುವುದಿಲ್ಲ. ಬಾಡಿಗೆ ಕಾರಿನಲ್ಲಿ ಸಾಮಾನ್ಯವಾಗಿ ಆಯಾ ದೇಶಕ್ಕೆ ಬೇಕಾದ ಸಾಧನಗಳಿರುತ್ತವೆ. ಪಕ್ಕದ ದೇಶಕ್ಕೆ ಅವು ಸಾಲದಿರಬಹುದು. ಆದ್ದರಿಂದ ಕಾರನ್ನು ವಶಕ್ಕೆ ಪಡೆಯುವಾಗಲೇ ಅವುಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಒಂದೇ ಜಾಕೆಟ್ ಸಾಕೆಂದು ಕಾನೂನು ಹೇಳುವಲ್ಲಿಯೂ ಪ್ರತಿ ಪ್ರಯಾಣಿಕರಿಗೆ ಒಂದೊಂದು ಇರುವುದು ಸುರಕ್ಷಿತ.