ದಾವಣಗೆರೆ ಜಿಲ್ಲೆಯ ಭೂಲಕ್ಷಣ ಮತ್ತು ಐತಿಹಾಸಿಕ ಸ್ಥಳಗಳು

ದಾವಣಗೆರೆ ಜಿಲ್ಲೆಯು ಕರ್ನಾಟಕದ ಮಧ್ಯಭಾಗದಲ್ಲಿರುವ ಒಂದು ಜಿಲ್ಲೆ. ಇದು 1997ರ ಆಗಸ್ಟ್ 15ರಂದು ಚಿತ್ರದುರ್ಗ, ಶಿವಮೊಗ್ಗ ಮತ್ತು ಬಳ್ಳಾರಿ ಜಿಲ್ಲೆಗಳ ಕೆಲವು ತಾಲ್ಲೂಕುಗಳನ್ನು ಸೇರಿಸಿ ರಚನೆಯಾಯಿತು. ಜಿಲ್ಲೆಯ ಪ್ರಮುಖ ಐತಿಹಾಸಿಕ ಸ್ಥಳಗಳಲ್ಲಿ ಹೆಚ್ಚಿನವು ನದಿ, ಕೆರೆ ಅಥವಾ ಪುಷ್ಕರಣಿಯನ್ನು ಆಶ್ರಯಿಸಿ ಬೆಳೆದಿವೆ.

ಭೂಲಕ್ಷಣ

ಜಿಲ್ಲೆಯು ಮಲೆನಾಡು ಮತ್ತು ಬಯಲುಸೀಮೆಗಳ ನಡುವೆ ಹರಡಿದೆ. ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳು ಮಲೆನಾಡಿನ ಅಂಚಿಗೆ ಸಮೀಪವಾಗಿವೆ. ಪೂರ್ವದ ಜಗಳೂರು ತಾಲ್ಲೂಕು ಮಳೆ ಕಡಿಮೆಯಿರುವ ಒಣ ಪ್ರದೇಶ. ಅಲ್ಲಿನ ರಂಗಯ್ಯನದುರ್ಗ ವನ್ಯಧಾಮವು ಕೊಂಡುಕುರಿಗಳ ನೆಲೆಯಾಗಿದೆ. ತುಂಗಭದ್ರಾ ನದಿಯು ಹೊನ್ನಾಳಿ ಮತ್ತು ಹರಿಹರಗಳ ಮೂಲಕ ಹರಿಯುತ್ತದೆ. ಭದ್ರಾ ನಾಲೆಯ ನೀರಾವರಿಯಿಂದ ಭತ್ತ ಮತ್ತು ಅಡಿಕೆ ಬೆಳೆಗಳು ವಿಸ್ತರಿಸಿದರೆ, ಮಳೆಯಾಶ್ರಿತ ಭೂಮಿಯಲ್ಲಿ ಮೆಕ್ಕೆಜೋಳ ಮುಖ್ಯ ಬೆಳೆಯಾಗಿದೆ.

ಶಾಂತಿಸಾಗರ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಅಥವಾ ಸೂಳೆಕೆರೆಯು ದಕ್ಷಿಣ ಭಾರತದ ದೊಡ್ಡ ಕೆರೆಗಳಲ್ಲೊಂದು. ಇದರ ನೀರಿನ ಹರವು ಸುಮಾರು 27 ಚದರ ಕಿಲೋಮೀಟರ್. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಹಾಕಿರುವುದರಿಂದ, ಉದ್ದ ಕಡಿಮೆಯಿರುವ ಏರಿಯೇ ಅಪಾರ ಜಲರಾಶಿಯನ್ನು ತಡೆದಿದೆ. ಐತಿಹ್ಯದ ಪ್ರಕಾರ ಸ್ವರ್ಗಾವತಿಯ ರಾಜಕುಮಾರಿ ಶಾಂತವ್ವೆ ಈ ಕೆರೆಯನ್ನು ಕಟ್ಟಿಸಿದಳು. ಜಾಗ ಬಿಟ್ಟುಕೊಟ್ಟ ವೇಶ್ಯೆಯರು, ಕೆರೆಗೆ ತಮ್ಮ ಹೆಸರು ಇರಬೇಕೆಂದು ಷರತ್ತು ವಿಧಿಸಿದರೆಂದು ಹೇಳಲಾಗುತ್ತದೆ. ಕೆರೆಯಿಂದ ಹೊರಡುವ ಹರಿದ್ರಾ ಅಥವಾ ಸೂಳೆಕೆರೆ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ.

ಹರಿಹರ

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿರುವ ಹರಿಹರಕ್ಕೆ, ಈ ನದಿಸಂಗಮದ ಕಾರಣ ಕೂಡಲೂರು ಎಂಬ ಹೆಸರೂ ಇತ್ತು. ಇಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಇದನ್ನು ವಿಸ್ತರಿಸಿದನು. ಮೂಲವಿಗ್ರಹದ ಬಲಭಾಗ ಶಿವನ ರೂಪವನ್ನೂ ಎಡಭಾಗ ವಿಷ್ಣುವಿನ ರೂಪವನ್ನೂ ಹೊಂದಿದ್ದು, ಶೈವ ಮತ್ತು ವೈಷ್ಣವ ಪಂಥಗಳ ಸಮನ್ವಯವನ್ನು ಸೂಚಿಸುತ್ತದೆ. ಕಡೆದ ಕಂಬಗಳ ಮಂಟಪ ಹಾಗೂ ಆವರಣದಲ್ಲಿರುವ ಹಳಗನ್ನಡ ಶಾಸನಗಳು ಇತಿಹಾಸದ ಅಧ್ಯಯನಕ್ಕೆ ಮಹತ್ವದವಾಗಿವೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರೋಪಕರಣ ಕಾರ್ಖಾನೆಯು ಹರಿಹರವನ್ನು ಕೈಗಾರಿಕಾ ಪಟ್ಟಣವನ್ನಾಗಿಸಿತು. ಆ ಕಾರ್ಖಾನೆ ಈಗ ಮುಚ್ಚಿದೆ.

ಸಂತೆಬೆನ್ನೂರು

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕನು ನಿರ್ಮಿಸಿದನು. ಮೆಟ್ಟಿಲುಗಳಿಂದ ಸುತ್ತುವರಿದ ಕೊಳದ ನಡುವೆ ವಸಂತ ಮಂಟಪವಿದೆ. ಇದರಲ್ಲಿ ಹಿಂದೂ ಮತ್ತು ಇಸ್ಲಾಮಿಕ್ ವಾಸ್ತುಶೈಲಿಗಳು ಬೆರೆತಿವೆ. ಸಮೀಪದ ಮುಸಾಫಿರ್‌ಖಾನೆಯು ಬಿಜಾಪುರದ ದಂಡನಾಯಕ ರಣದುಲ್ಲಾ ಖಾನನ ದಾಳಿಯ ಕಾಲವನ್ನು ನೆನಪಿಸುತ್ತದೆ. ಪುಷ್ಕರಣಿ ಮತ್ತು ಮುಸಾಫಿರ್‌ಖಾನೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ.

ದಾವಣಗೆರೆ ನಗರ

ಪ್ರಯಾಣಿಕರ ಹಾಗೂ ದನಗಳ ದಾಹ ತೀರಿಸುತ್ತಿದ್ದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂಬುದು ಜನರ ನಂಬಿಕೆ. ಹೈದರಾಲಿಯು ಈ ಊರನ್ನು ಮರಾಠ ಸರದಾರ ಅಪ್ಪೋಜಿರಾಯನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ನೆಲೆಗೊಳಿಸಿದ್ದರಿಂದ ಊರು ವ್ಯಾಪಾರಕೇಂದ್ರವಾಗಿ ಬೆಳೆಯಿತು. 20ನೇ ಶತಮಾನದ ಹತ್ತಿ ಗಿರಣಿಗಳಿಂದಾಗಿ ಇದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ನಗರದ ಆನೆಕೊಂಡದಲ್ಲಿ ಪ್ರಾಚೀನ ಈಶ್ವರ ದೇವಾಲಯವಿದೆ.

ಗಡಿ ಬದಲಾವಣೆ

ಉಚ್ಚಂಗಿದುರ್ಗದ ಕೋಟೆ ಮತ್ತು ಬಾಗಳಿಯ ಕಲ್ಲೇಶ್ವರ ದೇವಾಲಯಗಳು ಹಳೆಯ ಪುಸ್ತಕಗಳಲ್ಲಿ ದಾವಣಗೆರೆ ಜಿಲ್ಲೆಯ ಸ್ಥಳಗಳೆಂದು ದಾಖಲಾಗಿವೆ. ಅವುಗಳಿರುವ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ.

ಸಂರಕ್ಷಣೆ

ಶಾಂತಿಸಾಗರವು ಕೃಷಿಗಷ್ಟೇ ಅಲ್ಲದೆ ಚಿತ್ರದುರ್ಗ ನಗರಕ್ಕೂ ಸುತ್ತಲಿನ ಊರುಗಳಿಗೂ ಕುಡಿಯುವ ನೀರಿನ ಮೂಲವಾಗಿದೆ. ಹೂಳು ತುಂಬುವಿಕೆ ಮತ್ತು ಅಂಚಿನ ಜಮೀನಿನ ಒತ್ತುವರಿ ಇದರ ಮುಖ್ಯ ಸಮಸ್ಯೆಗಳು. ಹೂಳು ತೆಗೆದು, ಗಡಿ ಗುರುತಿಸಿ ಕೆರೆಯನ್ನು ಉಳಿಸಬೇಕೆಂದು ರೈತರು ಮತ್ತು ಸ್ಥಳೀಯ ಸಂಘಟನೆಗಳು ಒತ್ತಾಯಿಸುತ್ತ ಬಂದಿವೆ.