ಮನೆಯಲ್ಲಿ ಹಂದಿಮಾಂಸದ ಅಡುಗೆ: ಕೊಡಗಿನ ಪಂದಿ ಕರಿ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕರ್ನಾಟಕದಲ್ಲಿ ಹಂದಿಮಾಂಸದ ಅಡುಗೆಗೆ ಕೊಡಗು ಜಿಲ್ಲೆಯು ಹೆಸರುವಾಸಿಯಾಗಿದೆ. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಪಂದಿ ಕರಿ ಮತ್ತು ಕಡಂಬುಟ್ಟು ಅಲ್ಲಿನ ಮನೆಗಳ ವಿಶೇಷ ಭೋಜನವಾಗಿರುತ್ತದೆ. ಹಂದಿಮಾಂಸವು ಪೂರ್ಣವಾಗಿ ಬೇಯದಿದ್ದಲ್ಲಿ ಲಾಡಿಹುಳುವಿನ ಸೋಂಕು ತಗಲುವ ಸಂಭವವಿರುವುದರಿಂದ, ಅಡುಗೆಯ ಕ್ರಮದೊಂದಿಗೆ ಅಗತ್ಯ ಮುನ್ನೆಚ್ಚರಿಕೆಗಳನ್ನೂ ಇಲ್ಲಿ ನೀಡಲಾಗಿದೆ.

ಮಾಂಸದ ಖರೀದಿ

1. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಪಡೆದ ಅಂಗಡಿಯಿಂದಲೇ ಮಾಂಸವನ್ನು ಖರೀದಿಸತಕ್ಕದ್ದು.
2. ಮಾಂಸದೊಳಗೆ ಅಕ್ಕಿ ಕಾಳಿನಿಂದ ಬಟಾಣಿಯಷ್ಟು ಗಾತ್ರದ ಬಿಳಿಯ ಗುಳ್ಳೆಗಳು ಕಂಡುಬಂದಲ್ಲಿ ಅದನ್ನು ಖರೀದಿಸಬಾರದು. ಇವು ಲಾಡಿಹುಳುವಿನ ಮರಿಗಳಿರುವ ಕೋಶಗಳಾಗಿರಬಹುದು.
3. ಹಿಂದಿನ ಕಾಲದಲ್ಲಿ ಪಂದಿ ಕರಿಗೆ ಕಾಡುಹಂದಿಯ ಮಾಂಸವನ್ನು ಬಳಸಲಾಗುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧವಾಗಿರುತ್ತದೆ. ಆದ್ದರಿಂದ ಸಾಕಿದ ಹಂದಿಯ ಮಾಂಸವನ್ನೇ ಬಳಸುವುದು.

ಬೇಕಾಗುವ ಸಾಮಗ್ರಿಗಳು (5ರಿಂದ 6 ಜನರಿಗೆ)

• ಕೊಬ್ಬು ಸಹಿತ ಹಂದಿಮಾಂಸ – 1 ಕಿಲೋಗ್ರಾಂ
• ಈರುಳ್ಳಿ – 3. ಬೆಳ್ಳುಳ್ಳಿ – 12 ಎಸಳು. ಶುಂಠಿ – ಒಂದು ಅಂಗುಲ. ಹಸಿಮೆಣಸಿನಕಾಯಿ – 4
• ಕೊತ್ತಂಬರಿ ಬೀಜ – 2 ದೊಡ್ಡ ಚಮಚ. ಕಾಳುಮೆಣಸು – 1 ದೊಡ್ಡ ಚಮಚ
• ಜೀರಿಗೆ – 1 ಚಮಚ; ಸಾಸಿವೆ – ಅರ್ಧ ಚಮಚ
• ಅಚ್ಚ ಖಾರದ ಪುಡಿ – 2 ಚಮಚ. ಅರಿಶಿನ – ಅರ್ಧ ಚಮಚ. ಉಪ್ಪು – ರುಚಿಗೆ ತಕ್ಕಷ್ಟು
• ಕಾಚಂಪುಳಿ – 2 ಚಮಚ

ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ, ಬತ್ತಿಸಿ ತಯಾರಿಸುವ ಕಪ್ಪು ಹುಳಿಗೆ ಕಾಚಂಪುಳಿ ಎನ್ನುತ್ತಾರೆ. ಇದು ದೊರೆಯದಿದ್ದಲ್ಲಿ ಗಟ್ಟಿಯಾದ ಹುಣಸೆ ರಸವನ್ನು ಬಳಸಬಹುದು. ಆದರೆ ರುಚಿಯಲ್ಲಿ ವ್ಯತ್ಯಾಸವಿರುತ್ತದೆ.

ತಯಾರಿಸುವ ವಿಧಾನ

1. ಮಾಂಸವನ್ನು ಸುಮಾರು ಒಂದು ಅಂಗುಲದ ಸಮನಾದ ತುಂಡುಗಳಾಗಿ ಕತ್ತರಿಸಿ, ಉಪ್ಪು, ಅರಿಶಿನ, ಖಾರದ ಪುಡಿ ಬೆರೆಸಿ ಅರ್ಧ ಗಂಟೆ ಇಡುವುದು. ತುಂಡುಗಳು ಸಮನಾಗಿದ್ದಲ್ಲಿ ಒಂದೇ ಹದದಲ್ಲಿ ಬೇಯುತ್ತವೆ.
2. ಕೊತ್ತಂಬರಿ, ಕಾಳುಮೆಣಸು, ಜೀರಿಗೆ, ಸಾಸಿವೆಗಳನ್ನು ಎಣ್ಣೆಯಿಲ್ಲದೆ ಕಪ್ಪು ಬಣ್ಣಕ್ಕೆ ತಿರುಗುವವರೆಗೆ, ಸೀಯದಂತೆ ಹುರಿದು ಪುಡಿ ಮಾಡುವುದು.
3. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳನ್ನು ತರಿಯಾಗಿ ಅರೆದು, ಮಾಂಸದೊಂದಿಗೆ ದಪ್ಪ ತಳದ ಪಾತ್ರೆಗೆ ಹಾಕುವುದು. ಮಾಂಸದ ಕೊಬ್ಬೇ ಕರಗುವುದರಿಂದ ಬೇರೆ ಎಣ್ಣೆಯ ಅಗತ್ಯವಿಲ್ಲ.
4. ಎರಡು ಲೋಟ ಬಿಸಿ ನೀರು ಸೇರಿಸಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ, ಮಾಂಸ ಮೆತ್ತಗಾಗುವವರೆಗೆ ಬೇಯಿಸುವುದು.
5. ಹುರಿದ ಪುಡಿ ಹಾಗೂ ಕಾಚಂಪುಳಿ ಬೆರೆಸಿ ಮತ್ತೆ 15 ನಿಮಿಷ ಕುದಿಸುವುದು. ಹುರಿದ ಬಗೆಯಲ್ಲಿ ಬೇಕಾದವರು ರಸ ಪೂರ್ತಿ ಇಂಗುವವರೆಗೆ ಒಲೆಯ ಮೇಲಿಡಬಹುದು.

ಅಕ್ಕಿ ತರಿಯನ್ನು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದ ಕಡಂಬುಟ್ಟಿನೊಂದಿಗೆ ಇದನ್ನು ಬಡಿಸುತ್ತಾರೆ. ಅನ್ನ ಅಥವಾ ಜೋಳದ ರೊಟ್ಟಿಯೊಂದಿಗೂ ಸೇವಿಸಬಹುದು.

ಮುನ್ನೆಚ್ಚರಿಕೆಗಳು

ಆಹಾರದ ಒಳಭಾಗವು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ತಲುಪಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೊಡ್ಡ ತುಂಡನ್ನು ಓವನ್‌ನಲ್ಲಿ ಹುರಿಯುವಾಗ ಹೊರಭಾಗ ಕೆಂಪಾಗಿದ್ದರೂ ನಡುಭಾಗ ಹಸಿಯಾಗಿರಬಹುದು. ಆದ್ದರಿಂದ ಅತ್ಯಂತ ದಪ್ಪವಾದ ಭಾಗದ ನಡುವೆ, ಮೂಳೆಗೆ ತಾಗದಂತೆ ಅಡುಗೆ ಥರ್ಮಾಮೀಟರ್ ಇಟ್ಟು ಪರೀಕ್ಷಿಸುವುದು.

ಹಸಿ ಮಾಂಸಕ್ಕೆ ಬಳಸಿದ ಚಾಕು ಮತ್ತು ಮಣೆಯನ್ನು ಸಾಬೂನಿನಿಂದ ತೊಳೆಯದೆ ತರಕಾರಿಗೆ ಬಳಸಬಾರದು. ಉಳಿದ ಅಡುಗೆಯನ್ನು ಎರಡು ಗಂಟೆಗಳೊಳಗೆ ಫ್ರಿಜ್‌ನಲ್ಲಿಡುವುದು. ಮಾಂಸದ ಚೂರುಗಳನ್ನು ಸಾಕುಹಂದಿಗಳಿಗೆ ಹಾಕಬಾರದು. 2020ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದ ಆಫ್ರಿಕನ್ ಹಂದಿ ಜ್ವರವು ಹೀಗೂ ಹರಡುತ್ತದೆ. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ.

ಗಮನಿಸಬೇಕಾದ ಅಂಶ

ಬೇಯದ ಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಸೋಂಕಿತರ ಮಲದಲ್ಲಿರುವ ಅದರ ಮೊಟ್ಟೆಗಳು ಕೈ, ನೀರು ಅಥವಾ ಹಸಿ ತರಕಾರಿಯ ಮೂಲಕ ಮತ್ತೊಬ್ಬರ ದೇಹ ಸೇರಿದಲ್ಲಿ, ಮೆದುಳಿನಲ್ಲಿ ಕೋಶಗಳುಂಟಾಗಿ ಮೂರ್ಛೆರೋಗ ಬರಬಹುದು. ಹಂದಿಮಾಂಸ ತಿನ್ನದವರಿಗೂ ಈ ಅಪಾಯವಿದೆ. ಆದಕಾರಣ ಶೌಚಾಲಯದ ಬಳಕೆ, ಕೈ ತೊಳೆಯುವಿಕೆ ಮತ್ತು ತರಕಾರಿಗಳ ಸ್ವಚ್ಛತೆ ಎಲ್ಲರಿಗೂ ಅವಶ್ಯ. ಮಲದಲ್ಲಿ ಹುಳುವಿನ ಚಪ್ಪಟೆ ತುಣುಕುಗಳು ಕಂಡುಬಂದಲ್ಲಿ ಅಥವಾ ಮೊದಲ ಬಾರಿಗೆ ಮೂರ್ಛೆ ಬಂದಲ್ಲಿ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸುವುದು. ಈ ಸೋಂಕಿಗೆ ಚಿಕಿತ್ಸೆ ಲಭ್ಯವಿದೆ.